ಎಸ್25 ಅಲ್ಟ್ರಾ: ಅಂಗಡಿಯವರು ಟೆಂಪರ್ಡ್ ಗ್ಲಾಸ್ ಅಂಟಿಸುವ ಮುಂಚೆ

ಹೊಸ ಫೋನಿನ ಡಬ್ಬ ಒಡೆದ ಐದೇ ನಿಮಿಷಕ್ಕೆ ಮೊಬೈಲ್ ಅಂಗಡಿಯಲ್ಲಿ ಒಂದು ಶಾಸ್ತ್ರ ನಡೆಯುತ್ತದೆ. ಪರದೆ ಒರೆಸಿ, ಸ್ಟಿಕ್ಕರ್ ಒತ್ತಿ ಧೂಳು ಎತ್ತಿ, ಮುನ್ನೂರೋ ಐನೂರೋ ರೂಪಾಯಿಯ ಟೆಂಪರ್ಡ್ ಗ್ಲಾಸ್ ಅಂಟಿಸಿ ಕೈಗೆ ಕೊಡುತ್ತಾರೆ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್25 ಅಲ್ಟ್ರಾಗೂ ಇದೇ ಶಾಸ್ತ್ರ ಮಾಡಿಸಿದಿರೋ, ಈ ಫೋನಿನ ಅತ್ಯುತ್ತಮ ಗುಣ ಅಲ್ಲೇ ಮಣ್ಣುಪಾಲು.

ಆ ಗುಣ ಯಾವುದೆಂದು ನೋಡಬೇಕಾದರೆ ಪರದೆ ಆರಿಸಿದ ಫೋನನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿಯಿರಿ, ಪಕ್ಕದಲ್ಲಿ ಬೇರೆ ಯಾವುದಾದರೂ ಫೋನ್ ಇಡಿ. ಆ ಫೋನಿನಲ್ಲಿ ಟ್ಯೂಬ್ ಬೆಳ್ಳಗೆ, ಅಂಚು ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತದೆ. ಇದರಲ್ಲಿ ಮಂಕಾದ ಒಂದು ಪಟ್ಟಿ, ಅಷ್ಟೇ. ಗೊರಿಲ್ಲಾ ಆರ್ಮರ್ 2 ಎಂಬ ಗಾಜಿನ ಮೇಲಿನ ಪ್ರತಿಫಲನ ತಡೆಯುವ ಪದರದ ಕೆಲಸ ಇದು. 2600 ನಿಟ್ಸ್ (ಪರದೆಯ ಪ್ರಖರತೆಯ ಅಳತೆ) ಎಂದು ಜಾಹೀರಾತಿನಲ್ಲಿ ಹೊಗಳುವ ಬೆಳಕಿಗಿಂತ ಬಿಸಿಲಲ್ಲಿ ನಿಜಕ್ಕೂ ಉಪಕಾರಕ್ಕೆ ಬರುವುದು ಈ ಪದರವೇ. ಇದರ ಮೇಲೆ ಇನ್ನೊಂದು ಸಾದಾ ಗಾಜು ಕೂತರೆ ಬೆಳಕು ಆ ಗಾಜಿನ ಮೇಲ್ಮೈಯಿಂದಲೇ ವಾಪಸ್ ಹಾರುತ್ತದೆ. ಕೆಳಗಿನ ಪದರ ಇದ್ದೂ ಇಲ್ಲದಂತೆ.

ಬೆರಳಚ್ಚಿನ ತಕರಾರು ಬೇರೆ. ಇದರ ಸೆನ್ಸರ್ ಬೆಳಕಿನಿಂದಲ್ಲ, ಅಲ್ಟ್ರಾಸಾನಿಕ್ ಅಂದರೆ ಕಿವಿಗೆ ಕೇಳದ ಶಬ್ದದ ತರಂಗದಿಂದ ಓದುತ್ತದೆ. ಗಾಜಿಗೂ ಪರದೆಗೂ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ತರಂಗ ದಾಟುವುದಿಲ್ಲ. ಅದಕ್ಕೇ ಕೆಲವರು ದ್ರವದಂಥ ಅಂಟು ಸುರಿದು ಯುವಿ (ಅತಿನೇರಳೆ) ಬೆಳಕಿನಲ್ಲಿ ಗಟ್ಟಿ ಮಾಡುವ ಗಾಜು ಹಾಕುತ್ತಾರೆ. ಆ ದ್ರವ ಹರಿದು ಮೇಲಿನ ಸ್ಪೀಕರಿನ ಸಂದಿಗೆ ಇಳಿದರೆ ಕರೆಯ ದನಿಯೇ ಸಣ್ಣಗಾಗುತ್ತದೆ. ಬೇಕೇ ಬೇಕೆಂದರೆ ತೆಳುವಾದ ಟಿಪಿಯು (ಮೆದು ಪ್ಲಾಸ್ಟಿಕ್) ಫಿಲ್ಮ್, ಅಥವಾ ಸ್ಯಾಮ್‌ಸಂಗ್‌ನದೇ ಪ್ರತಿಫಲನ ತಡೆಯುವ ಫಿಲ್ಮ್ ಹಾಕಿಸಿ. ಹಾಕಿದ ಮೇಲೆ ಹಳೆಯ ಬೆರಳಚ್ಚುಗಳನ್ನು ಅಳಿಸಿ ಹೊಸದಾಗಿ ಕೊಡಿ, ಹೆಚ್ಚು ಬಳಸುವ ಹೆಬ್ಬೆರಳನ್ನು ಎರಡು ಸಲ ದಾಖಲಿಸಿ. ಏನೂ ಅಂಟಿಸದೆ ಹಾಗೇ ಬಿಟ್ಟರೂ ತಪ್ಪಿಲ್ಲ. ಜೇಬಿನಲ್ಲಿ ಬೀಗದ ಕೈ ಇದ್ದರೆ ಅಷ್ಟು ಚಿಂತೆ ಬೇಡ, ಮರಳು ಇದ್ದರೆ ಚಿಂತಿಸಿ.

ಇನ್ನು ಮೈಕಟ್ಟು. 218 ಗ್ರಾಂ ತೂಕ, 8.2 ಮಿಲಿಮೀಟರ್ ದಪ್ಪ. ಹಿಂದಿನ ಎಸ್24 ಅಲ್ಟ್ರಾ 232 ಗ್ರಾಂ, 8.6 ಮಿಲಿಮೀಟರ್ ಇತ್ತು. ಅಂಗೈಗೆ ಚುಚ್ಚುತ್ತಿದ್ದ ಚೂಪು ಮೂಲೆಗಳು ಈಗ ದುಂಡಗಾಗಿವೆ. ಪರದೆ 6.9 ಇಂಚು. ಒಂದೇ ಕೈಯಲ್ಲಿ ಬಳಸುವ ಆಸೆ ಇರುವವರು ಬೇರೆ ಫೋನ್ ನೋಡಿಕೊಳ್ಳಲಿ. 2025ರ ಜನವರಿ 22ರಂದು ಬಿಡುಗಡೆಯಾದಾಗ ನಮ್ಮಲ್ಲಿ 12 ಜಿಬಿ ರ‍್ಯಾಮ್, 256 ಜಿಬಿ ಸ್ಟೋರೇಜಿನದಕ್ಕೆ 1,29,999 ರೂಪಾಯಿ, 512 ಜಿಬಿಗೆ 1,41,999 ರೂಪಾಯಿ ಇಟ್ಟಿದ್ದರು. ಮೆಮೊರಿ ಕಾರ್ಡಿಗೆ ಜಾಗವಿಲ್ಲ. 4ಕೆ ವಿಡಿಯೊ ಹೆಚ್ಚು ತೆಗೆಯುವವರು ಆ 12,000 ರೂಪಾಯಿಯ ಮುಖ ನೋಡದೆ 512 ಜಿಬಿಯದನ್ನೇ ಕೊಳ್ಳುವುದು ಲೇಸು.

ಇಷ್ಟು ದುಡ್ಡು ಎಣಿಸಿದ ಮೇಲೂ ಪರದೆ ಪೂರ್ತಿ ರೆಸಲ್ಯೂಷನ್‌ನಲ್ಲಿ ಶುರುವಾಗುವುದಿಲ್ಲ, ಫುಲ್ ಎಚ್‌ಡಿ ಪ್ಲಸ್‌ನಲ್ಲೇ ನಿಂತಿರುತ್ತದೆ. ಸೆಟ್ಟಿಂಗ್ಸ್‌ನ ಡಿಸ್‌ಪ್ಲೇಗೆ ಹೋಗಿ ಸ್ಕ್ರೀನ್ ರೆಸಲ್ಯೂಷನ್‌ನಲ್ಲಿ ಕ್ಯೂಎಚ್‌ಡಿ ಪ್ಲಸ್ ಎಂಬ ಪೂರ್ತಿ ರೆಸಲ್ಯೂಷನ್ ಆರಿಸಬೇಕು. ವ್ಯತ್ಯಾಸ ಗೊತ್ತಾಗುವುದು ಸಣ್ಣ ಅಕ್ಷರದಲ್ಲಿ. ಪತ್ರಿಕೆಯ ಪಿಡಿಎಫ್‌ನಲ್ಲಿ ಒತ್ತಕ್ಷರದ ಮೇಲೆ ಒತ್ತಕ್ಷರ ಕೂತ ಕಡೆ ಒಮ್ಮೆ ಆ ಸೆಟ್ಟಿಂಗ್, ಒಮ್ಮೆ ಈ ಸೆಟ್ಟಿಂಗ್ ಹಾಕಿ ನೋಡಿ. ರೀಲ್ಸ್ ನೋಡುವುದಕ್ಕೆ ಎರಡೂ ಒಂದೇ.

ಡಬ್ಬದಲ್ಲಿ ಚಾರ್ಜರ್ ಇಲ್ಲ. ಇಲ್ಲೇ ಬಹಳ ಜನ ಎಡವುವುದು. ಮನೆಯಲ್ಲಿ ಬೇರೆ ಕಂಪನಿಯ 80 ವ್ಯಾಟ್ ಚಾರ್ಜರ್ ಇದೆ, ಅದೇ ಸಾಕು ಎನ್ನುತ್ತಾರೆ. ಆ 80 ವ್ಯಾಟ್ ಆ ಕಂಪನಿಯ ಫೋನಿಗೆ ಮಾತ್ರ ಅರ್ಥವಾಗುವ ಭಾಷೆ. ಈ ಫೋನ್ ಕೇಳುವುದು ಪಿಡಿ ಪಿಪಿಎಸ್, ಅಂದರೆ ವೋಲ್ಟೇಜನ್ನು ಚೂರು ಚೂರೇ ಏರಿಳಿಸಿ ಕೊಡುವ ಯುಎಸ್‌ಬಿ ಪದ್ಧತಿ. ಚಾರ್ಜರಿನ ಮೈಮೇಲಿನ ಸಣ್ಣ ಅಕ್ಷರಗಳಲ್ಲಿ ಪಿಪಿಎಸ್ ಎಂದು ಇದೆಯೇ ನೋಡಿ. 45 ವ್ಯಾಟ್ ಮುಟ್ಟಲು ಕೇಬಲ್ಲೂ 5 ಆಂಪಿಯರಿನದಾಗಿರಬೇಕು. 3 ಆಂಪಿಯರ್ ಕೇಬಲ್ ಸಿಕ್ಕಿಸಿದರೆ ಚಾರ್ಜರ್ ಎಷ್ಟೇ ಒಳ್ಳೆಯದಿದ್ದರೂ ವೇಗ ಇಳಿಯುತ್ತದೆ. ಯಾವುದು ನಡೆಯುತ್ತಿದೆ ಎಂದು ಪರದೆಯೇ ಹೇಳುತ್ತದೆ. ಸಿಕ್ಕಿಸಿದ ತಕ್ಷಣ ‘ಸೂಪರ್ ಫಾಸ್ಟ್ ಚಾರ್ಜಿಂಗ್ 2.0’ ಎಂದು ಬಂದರೆ ಎಲ್ಲ ಸರಿಯಿದೆ. 2.0 ಇಲ್ಲದೆ ಬಂದರೆ 25 ವ್ಯಾಟಿನ ಮಟ್ಟ. ಬರೀ ‘ಫಾಸ್ಟ್ ಚಾರ್ಜಿಂಗ್’ ಎಂದಿದ್ದರೆ ಪಿಪಿಎಸ್ ಸಿಕ್ಕಿಲ್ಲ.

ಎಲ್ಲ ಸರಿಯಿದ್ದಾಗ ಅರ್ಧ ಗಂಟೆಗೆ 65 ಪ್ರತಿಶತದವರೆಗೆ ಏರುತ್ತದೆ ಎಂದು ಕಂಪನಿ ಹೇಳುತ್ತದೆ. ಅಲ್ಲಿಂದ ಮುಂದೆ ಎತ್ತಿನಗಾಡಿ. ಬ್ಯಾಟರಿ ತುಂಬುತ್ತ ಬಂದಂತೆ ವ್ಯಾಟ್ ಇಳಿಸಲೇಬೇಕು, ಎಲ್ಲ ಲಿಥಿಯಂ ಬ್ಯಾಟರಿಗಳದ್ದೂ ಅದೇ ಕತೆ. ಹಾಗೆಂದು ಈ ಬೆಲೆಯಲ್ಲಿ 5000 ಎಂಎಎಚ್, 45 ವ್ಯಾಟ್ ಎಂದರೆ ಜಿಪುಣತನವೇ ಸರಿ. ಅದೇ 2025ರ ಜನವರಿಯಲ್ಲಿ 69,999 ರೂಪಾಯಿಗೆ ಬಂದ ಒನ್‌ಪ್ಲಸ್ 13ರಲ್ಲಿ ಸಿಲಿಕಾನ್ ಕಾರ್ಬನ್ ಎಂಬ ಹೊಸ ಬಗೆಯ ಬ್ಯಾಟರಿ, 6000 ಎಂಎಎಚ್, 100 ವ್ಯಾಟ್.

ಫೋನಿನ ಜೊತೆಗೇ ಬರುವ, ಪರದೆಯ ಮೇಲೆ ಬರೆಯುವ ಎಸ್ ಪೆನ್ನಿನ ಕಡೆ ಬಂದರೆ, ಈ ಸಲ ಅದರ ಬ್ಲೂಟೂತ್ ಕಿತ್ತುಹಾಕಿದ್ದಾರೆ. ಫೋನನ್ನು ಸ್ಟ್ಯಾಂಡಿನಲ್ಲಿಟ್ಟು ದೂರದಿಂದ ಪೆನ್ ಗುಂಡಿ ಒತ್ತಿ ಫೋಟೊ ತೆಗೆಯುತ್ತಿದ್ದವರಿಗೆ ಇದು ನಷ್ಟ. ಬರೆಯುವುದಕ್ಕೆ ಏನೂ ಆಗಿಲ್ಲ, ಮೊದಲಿನಷ್ಟೇ ಚೆನ್ನ. ಆದರೆ ಒಂದು ಎಚ್ಚರಿಕೆ. ಫೋನಿನ ಒಳಗೆ ವೈರ್‌ಲೆಸ್ ಚಾರ್ಜಿಂಗಿಗೆ ಅಯಸ್ಕಾಂತ ಇಟ್ಟಿಲ್ಲ, ಅಯಸ್ಕಾಂತದ ಉಂಗುರವಿರುವ ಕೇಸ್ ಹಾಕಿಕೊಳ್ಳಿ ಎನ್ನುತ್ತಾರೆ. ಪೆನ್ನು ಕೆಲಸ ಮಾಡುವುದು ಪರದೆಯ ಕೆಳಗಿನ ವಿದ್ಯುತ್ಕಾಂತೀಯ ಜಾಲದಿಂದ. ಹತ್ತಿರದಲ್ಲೇ ಅಯಸ್ಕಾಂತ ಕೂತರೆ ಆ ಜಾಲ ಕೆಡುತ್ತದೆ, ಪರದೆಯ ಆ ಭಾಗದಲ್ಲಿ ಗೆರೆ ತುಂಡಾಗುತ್ತದೆ ಅಥವಾ ಪೆನ್ ಮುಟ್ಟಿದ್ದೇ ತಿಳಿಯುವುದಿಲ್ಲ. ಕೇಸ್ ಹಾಕಿದ ಮೇಲೆ ನೋಟ್ಸ್ ತೆರೆದು ಮೇಲಿನ ಮೂಲೆಯಿಂದ ಎದುರು ಬದಿಯ ಕೆಳಗಿನ ಮೂಲೆಗೆ ಎರಡು ಓರೆಗೆರೆ ಎಳೆಯಿರಿ. ಎಲ್ಲಿಯೂ ತುಂಡಾಗದಿದ್ದರೆ ಆ ಕೇಸ್ ಇಟ್ಟುಕೊಳ್ಳಿ. ತುಂಡಾದರೆ ಪೆನ್ನನ್ನು ದೂರಬೇಡಿ, ಕೇಸ್ ವಾಪಸ್ ಮಾಡಿ.

ಕ್ಯಾಮೆರಾದಲ್ಲಿ ಸಂಖ್ಯೆ ನೋಡಿ ಮರುಳಾಗುವುದು ಸುಲಭ. 200 ಮೆಗಾಪಿಕ್ಸೆಲ್ ಎನ್ನುವುದು ಮುಖ್ಯ ಸೆನ್ಸರಿನ ಲೆಕ್ಕ. ಸಾಮಾನ್ಯವಾಗಿ ಹದಿನಾರು ಪಿಕ್ಸೆಲ್ ಸೇರಿ ಒಂದಾಗಿ 12 ಮೆಗಾಪಿಕ್ಸೆಲಿನ ಫೋಟೊ ಬರುತ್ತದೆ, ಬರಬೇಕಾದ್ದೂ ಅದೇ. ಪೂರ್ತಿ 200ರಲ್ಲಿ ತೆಗೆದರೆ ಫೈಲು ದೊಡ್ಡದಾಗುತ್ತದೆ, ಶಟರ್ ನಿಧಾನವಾಗುತ್ತದೆ, ಮೋಡ ಕವಿದರೆ ಚಿತ್ರದ ತುಂಬ ಕಾಳುಕಾಳು ಚುಕ್ಕಿ. ಹಗಲಲ್ಲಿ ದೇವಸ್ಥಾನದ ಗೋಪುರ, ಬೆಟ್ಟದ ಸಾಲು ಇಂಥದ್ದಕ್ಕೆ 50 ಮೆಗಾಪಿಕ್ಸೆಲ್ ಆಯ್ಕೆ ಹದವಾಗಿದೆ. ಅಗಲದ ನೋಟ ಹಿಡಿಯುವ ಅಲ್ಟ್ರಾವೈಡ್ ಲೆನ್ಸ್ ಮಾತ್ರ ನಿಜವಾಗಿ ಬದಲಾಗಿದೆ: ಹಿಂದಿನ 12 ಮೆಗಾಪಿಕ್ಸೆಲಿನ ಜಾಗಕ್ಕೆ 50 ಬಂದಿದೆ. ಹೂವಿನ ಕೇಸರ, ನಾಣ್ಯದ ಅಂಚು ತೆಗೆಯಲು ಹತ್ತಿರ ಹೋದಾಗ ಫೋನ್ ತಾನೇ ಈ ಲೆನ್ಸಿಗೆ ಬದಲಾಗುತ್ತದೆ.

3 ಪಟ್ಟು ಜೂಮಿನ ಲೆನ್ಸ್ ಹಳೆಯ ಕುದುರೆ, 10 ಮೆಗಾಪಿಕ್ಸೆಲ್, ಸಣ್ಣ ಸೆನ್ಸರ್. ಬೆಳಕು ಕಡಿಮೆಯಾದರೆ ಫೋನ್ ಸದ್ದಿಲ್ಲದೆ ಅದನ್ನು ಪಕ್ಕಕ್ಕಿಟ್ಟು ಮುಖ್ಯ ಕ್ಯಾಮೆರಾದ ಚಿತ್ರವನ್ನೇ ಕತ್ತರಿಸಿ ದೊಡ್ಡದು ಮಾಡಿ ಕೊಡುತ್ತದೆ. ನಂಬಿಕೆ ಬರದಿದ್ದರೆ ರಾತ್ರಿ ಕೋಣೆಯಲ್ಲಿ 3 ಒತ್ತಿ, ಹಿಂದಿನ ಲೆನ್ಸುಗಳನ್ನು ಒಂದೊಂದಾಗಿ ಬೆರಳಿನಿಂದ ಮುಚ್ಚುತ್ತ ಹೋಗಿ. ಯಾವುದನ್ನು ಮುಚ್ಚಿದಾಗ ಪರದೆ ಕತ್ತಲಾಗುತ್ತದೋ ಚಿತ್ರ ಬರುತ್ತಿರುವುದು ಅದರಿಂದ. ಕಲ್ಯಾಣ ಮಂಟಪದ ಬೆಳಕಿನಲ್ಲಿ 3 ಒತ್ತಿ ದೂರ ನಿಲ್ಲುವುದಕ್ಕಿಂತ ನಾಲ್ಕು ಹೆಜ್ಜೆ ಮುಂದೆ ಹೋಗಿ 1ರಲ್ಲಿ ತೆಗೆಯುವುದೇ ಜಾಣತನ.

ಆಧಾರ್ ಕಾರ್ಡು, ಪಹಣಿ, ಅಂಕಪಟ್ಟಿ ತೆಗೆಯುವಾಗ ಪುಟದ ನಡುಭಾಗ ಸ್ಪಷ್ಟ, ಅಂಚಿನ ಅಕ್ಷರ ಮಸುಕು ಎಂಬ ದೂರು ಉಂಟು. ಕ್ಯಾಮೆರಾ ಕೆಟ್ಟಿಲ್ಲ. ದೊಡ್ಡ ಸೆನ್ಸರ್, ಎಫ್/1.7 ಕಿಂಡಿ ಎರಡೂ ಸೇರಿದಾಗ ಹತ್ತಿರದಲ್ಲಿ ಫೋಕಸ್ ಕೂರುವ ಆಳ ತೀರಾ ಕಡಿಮೆ. ಕಾಗದದಿಂದ ಒಂದೂವರೆ ಅಡಿ ಮೇಲಕ್ಕೆ ಹೋಗಿ 2 ಪಟ್ಟು ಜೂಮಿನಲ್ಲಿ ತೆಗೆಯಿರಿ. ಅಂಚೂ ನಿಲ್ಲುತ್ತದೆ, ಕೈಯ ನೆರಳೂ ಬೀಳುವುದಿಲ್ಲ.

ಓಡುವ ಮಗು, ಧೀಂಗಿಣ ಹಾಕುವ ಯಕ್ಷಗಾನ ವೇಷ: ಇವು ಈ ಕ್ಯಾಮೆರಾದ ಸೋಲು. ಸ್ವಯಂಚಾಲಿತ ಮೋಡಿನಲ್ಲಿ ಕಾಳು ಕಡಿಮೆ ಮಾಡುವ ಆಸೆಗೆ ಶಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ, ಕೈಕಾಲು ಎಳೆದಂತೆ ಮಸುಕಾಗುತ್ತವೆ. ಪ್ರೊ ಮೋಡಿಗೆ ಹೋಗಿ ಶಟರನ್ನು 1/250 ಸೆಕೆಂಡಿಗೆ ಕಟ್ಟಿ, ಐಎಸ್ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) ಆಟೊದಲ್ಲೇ ಬಿಡಿ. ಸ್ವಲ್ಪ ಕಾಳು ಬರಲಿ ಬಿಡಿ, ಮುಖವಾದರೂ ಸಿಗುತ್ತದೆ. ಇದರ ಜೊತೆಗೆ ಸ್ಯಾಮ್‌ಸಂಗ್‌ನದೇ ಗುಡ್ ಲಾಕ್ ಆ್ಯಪ್ ಮೂಲಕ ‘ಕ್ಯಾಮೆರಾ ಅಸಿಸ್ಟೆಂಟ್’ ಹಾಕಿಕೊಂಡು ‘ಕ್ವಿಕ್ ಟ್ಯಾಪ್ ಶಟರ್’ ಚಾಲೂ ಮಾಡಿ. ಆಗ ಬೆರಳು ಎತ್ತಿದಾಗಲ್ಲ, ಇಟ್ಟ ಕೂಡಲೇ ಫೋಟೊ ಬೀಳುತ್ತದೆ.

ಇದರ ಚಿಪ್ ಆದ ಸ್ನ್ಯಾಪ್‌ಡ್ರ್ಯಾಗನ್ 8 ಎಲೀಟ್‌ನ ವೇಗದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ದಿನದ ಯಾವ ಕೆಲಸಕ್ಕೂ ಅದು ತಡವರಿಸದು. ಬಿಸಿಯ ಲೆಕ್ಕ ಬೇರೆ. ಫೋನಿಗೆ ಹಿತವೆಂದು ಕಂಪನಿ ಹೇಳುವ ಸುತ್ತಲಿನ ಉಷ್ಣಾಂಶ 35 ಡಿಗ್ರಿವರೆಗೆ. ಕಲಬುರಗಿ, ರಾಯಚೂರಿನ ಮೇ ತಿಂಗಳು ಆ ಗೆರೆಯನ್ನು ಬೆಳಿಗ್ಗೆಯೇ ದಾಟುತ್ತದೆ. ಆಗ ಚಾರ್ಜಿಂಗ್ ನಿಧಾನವಾಗುವುದು, ಪರದೆ ತಾನೇ ಮಂಕಾಗುವುದು ರಿಪೇರಿಯ ಮಾತಲ್ಲ, ಫೋನ್ ತನ್ನನ್ನು ಕಾಪಾಡಿಕೊಳ್ಳುತ್ತಿದೆ. ಕೇಸ್ ತೆಗೆದು, ಫ್ಯಾನಿನ ಕೆಳಗಿಟ್ಟು ಚಾರ್ಜ್ ಮಾಡಿ. ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಮ್ಯಾಪು, ವೈರ್‌ಲೆಸ್ ಚಾರ್ಜಿಂಗ್ ಎರಡನ್ನೂ ಒಟ್ಟಿಗೆ ನಡೆಸಬೇಡಿ. ಡಿವೈಸ್ ಕೇರ್‌ನಲ್ಲಿ ಪರ್ಫಾರ್ಮೆನ್ಸ್ ಪ್ರೊಫೈಲನ್ನು ‘ಲೈಟ್’ಗೆ ಇಳಿಸಿದರೆ ವೇಗ ಕಡಿಮೆಯಾದದ್ದು ಕೈಗೆ ಗೊತ್ತಾಗುವುದಿಲ್ಲ, ಬಿಸಿ ಇಳಿದದ್ದು ಗೊತ್ತಾಗುತ್ತದೆ. ಏಳು ವರ್ಷ ಅಪ್‌ಡೇಟ್ ಕೊಡುವ ಮಾತು ಕೊಟ್ಟಿದ್ದಾರೆ. ಬ್ಯಾಟರಿಯೂ ಅಷ್ಟಿಷ್ಟು ಜೊತೆಗೆ ಬರಬೇಕಾದರೆ ಬ್ಯಾಟರಿ ಪ್ರೊಟೆಕ್ಷನ್‌ನಲ್ಲಿ 80ಕ್ಕೋ 85ಕ್ಕೋ ಮಿತಿ ಹಾಕಿ, ದೂರ ಪ್ರಯಾಣದ ದಿನ ಮಾತ್ರ ತೆಗೆಯಿರಿ.

ಎಐ ಬಗ್ಗೆ ಒಂದು ಮುನಿಸು. ಸ್ಯಾಮ್‌ಸಂಗ್ ಫೋನುಗಳ ಎಐ ಸೌಲಭ್ಯವಾದ ಗ್ಯಾಲಕ್ಸಿ ಎಐಗೆ ಹಿಂದಿ ಕಲಿಸಿದ್ದು ಬೆಂಗಳೂರಿನಲ್ಲಿರುವ ಸ್ಯಾಮ್‌ಸಂಗ್‌ನ ಸಂಶೋಧನಾ ಕೇಂದ್ರ. ಆದರೆ ಫೋನ್ ಬಂದಾಗ ಕರೆಯ ನೇರ ಅನುವಾದದ ಪಟ್ಟಿಯಲ್ಲಿ ಹಿಂದಿ ಇತ್ತು, ಕನ್ನಡ ಇರಲಿಲ್ಲ. ಕನ್ನಡದಲ್ಲಿ ಮಾತಾಡಬೇಕಿದ್ದರೆ ಗೂಗಲ್‌ನ ಎಐ ಸಹಾಯಕ ಜೆಮಿನಿಯ ಜೊತೆ ಮಾತಾಡುವ ಜೆಮಿನಿ ಲೈವ್ ಇದೆ. ಪಕ್ಕದ ಗುಂಡಿ ಒತ್ತಿ ಹಿಡಿದರೆ ಬರುವುದು ಜೆಮಿನಿಯೇ. ಹೀಗಾಗಿ ಫೋನ್ ಆಫ್ ಮಾಡಲು ಆ ಗುಂಡಿಯ ಜೊತೆ ವಾಲ್ಯೂಮ್ ಇಳಿಸುವ ಗುಂಡಿಯನ್ನೂ ಹಿಡಿಯಬೇಕು.

ಎಸ್24 ಅಲ್ಟ್ರಾ ಇಟ್ಟುಕೊಂಡವರು ಇದಕ್ಕೆ ಬದಲಾಯಿಸಲು ಕಾರಣವಿಲ್ಲ. ಎಸ್22 ಅಥವಾ ಅದಕ್ಕೂ ಹಿಂದಿನದು ಇದ್ದರೆ, ಪೆನ್ನೂ ಬೇಕಿದ್ದರೆ, ಕೊಳ್ಳಬಹುದು.

ಕೊಳ್ಳುವಾಗ ಕೌಂಟರಿನಲ್ಲೇ ಸಿಮ್ ಹಾಕುವ ಮೊದಲು ಡಯಲರಿನಲ್ಲಿ *#0*# ಒತ್ತಿ. ಪರೀಕ್ಷೆಯ ಪುಟ ತೆರೆಯುತ್ತದೆ. ಕೆಂಪು, ಹಸಿರು, ನೀಲಿ ಒಂದೊಂದನ್ನೂ ಪೂರ್ತಿ ಪರದೆಗೆ ತಂದು ಸತ್ತ ಪಿಕ್ಸೆಲ್ ಹುಡುಕಿ. ಬೆರಳಿನದು, ಪೆನ್ನಿನದು ಎರಡರ ಪರೀಕ್ಷೆಯಲ್ಲೂ ಎಲ್ಲ ಚೌಕ ತುಂಬುತ್ತದೆಯೇ ನೋಡಿ. *#06# ಒತ್ತಿ ಬರುವ ಐಎಂಇಐ (ಪ್ರತಿ ಫೋನಿನ ಗುರುತಿನ ಸಂಖ್ಯೆ) ಡಬ್ಬದ ಮೇಲಿನದಕ್ಕೂ ಬಿಲ್ಲಿನಲ್ಲಿರುವುದಕ್ಕೂ ತಾಳೆಯಾಗಬೇಕು. ಈ ಕೆಲಸ ಮುಗಿಯುವಷ್ಟರಲ್ಲಿ ಅಂಗಡಿಯವರು ಗ್ಲಾಸ್ ಕೈಗೆತ್ತಿಕೊಂಡು ಕಾಯುತ್ತಿರುತ್ತಾರೆ. ಬೇಡ ಎನ್ನಿ.