ಎಗೋನ್ ಶೀಲೆಯ ಮುಖದ ನಕಲು: ಕೆನ್ನೆಯ ಹಸಿರು ಕೂತಿತು

ಮುಖದ ಎರಡನೇ ಪದರ ಮುಗಿಯಿತು. ನನಗಂತೂ ತುಂಬಾ ಖುಷಿಯಾಗಿದೆ.

ಆಯಿಲ್ ಪೇಂಟಿಂಗ್ ಕಲಿಯೋಕೆ ನಾನು ಹಿಡಿದಿರುವುದು ಆಸ್ಟ್ರಿಯಾದ ಎಗೋನ್ ಶೀಲೆ 1912ರಲ್ಲಿ ಬರೆದ ತನ್ನದೇ ಮುಖ. ಕಪ್ಪು ಕೋಟು, ಓರೆ ಮಾಡಿದ ತಲೆ, ಪಕ್ಕದಲ್ಲಿ ಕೆಂಪು ಬುಡ್ಡೆಗಳ ಫಿಸಾಲಿಸ್ ಗಿಡ. ಮೂಲ ಚಿತ್ರ ವಿಯೆನ್ನಾದ ಲಿಯೋಪೋಲ್ಡ್ ಮ್ಯೂಸಿಯಂನಲ್ಲಿದೆ. ಬರೀ 32.2 × 39.8 ಸೆಂಟಿಮೀಟರ್, ಅದೂ ಮರದ ಹಲಗೆ ಮೇಲೆ. ಅದಕ್ಕೇ ನಾನೂ ಅಷ್ಟೇ ಅಳತೆಯ ಪ್ಲೈವುಡ್ ತಗೊಂಡು, ಜೆಸ್ಸೋ ಅನ್ನುವ ಬಿಳಿ ತಳದ ಲೇಪ ಬಳಿದು, ಸ್ಯಾಂಡ್‌ಪೇಪರ್‌ನಿಂದ ಚೆನ್ನಾಗಿ ಉಜ್ಜಿ ನುಣುಪು ಮಾಡಿಕೊಂಡೆ. ಕ್ಯಾನ್ವಾಸಿನ ನೇಯ್ಗೆ ಮೇಲೆ ಅಂಥ ಚೂಪು ಗೆರೆ ಎಳೆಯೋದು ಕಷ್ಟ.

ಕಲಿಯುವವರು ಜಾಸ್ತಿ ಹಳೇ ಡಚ್ ಕಲಾವಿದರ ಮುಖಗಳನ್ನೇ ನಕಲು ಮಾಡುತ್ತಾರೆ. ನನಗೆ ಶೀಲೆಯೇ ಒಳ್ಳೆಯ ಮೇಷ್ಟ್ರು ಅನ್ನಿಸುತ್ತದೆ. ಅವನು ಕುಂಚದ ಗುರುತು ಅಳಿಸುವುದಿಲ್ಲ. ಯಾವ ಬಣ್ಣ ಮೊದಲು, ಯಾವುದು ಆಮೇಲೆ ಅಂತ ಬಹಳ ಕಡೆ ಕಣ್ಣಿಗೇ ಕಾಣುತ್ತದೆ.

ಕೆನ್ನೆಯನ್ನೇ ನೋಡಿ. ದೂರದಿಂದ ಮೈಬಣ್ಣ. ಹತ್ತಿರದಿಂದ ಇಟ್ಟಿಗೆ ಕೆಂಪು, ಮಂಕು ಹಸಿರು, ಕಂದು, ಎಲ್ಲಾ ಪಕ್ಕಪಕ್ಕದಲ್ಲೇ ಬೇರೆಬೇರೆಯಾಗಿ ನಿಂತಿವೆ. ವಿರಿಡಿಯನ್ ಅನ್ನುವ ಹಸಿರಿಗೆ ಮಣ್ಣಿನ ಹಳದಿಯಾದ ಯೆಲ್ಲೋ ಓಕರ್ ಸೇರಿಸಿ, ಚೂರು ಬಿಳಿ ಹಾಕಿ ತೆಳ್ಳಗೆ ಎಳೆದೆ. ನಡುವಿನಲ್ಲಿ ಬಟ್ಟೆಯಿಂದ ಒತ್ತಿ ತೆಗೆದು, ತಳದ ಬಿಳುಪು ಕಾಣುವಂತೆ ಬಿಟ್ಟೆ. ಹಸಿರೊಂದೇ ಇದ್ದಾಗ ಜ್ವರ ಬಂದ ಮುಖದ ಹಾಗಿತ್ತು. ಪಕ್ಕದಲ್ಲಿ ಲೈಟ್ ರೆಡ್ ಅನ್ನುವ ಇಟ್ಟಿಗೆ ಕೆಂಪಿನ ಗೆರೆ ಬಿದ್ದದ್ದೇ ತಡ, ಅದೇ ಹಸಿರು ನೆರಳಾಯಿತು! ಹಸಿರನ್ನು ನಾನು ಮುಟ್ಟಲೇ ಇಲ್ಲ.

ಒಣಗುವ ವಿಷಯ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಇಲ್ಲಿ ಬಳಸುವುದು ಅಗಸೆ ಎಣ್ಣೆ, ನಮ್ಮ ಉತ್ತರ ಕರ್ನಾಟಕದಲ್ಲಿ ಚಟ್ನಿಪುಡಿಗೆ ಹುರಿಯುವ ಅದೇ ಅಗಸಿಯದು. ಅದು ನೀರಿನಂತೆ ಆವಿಯಾಗಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕ ಹಿಡಿದು ಗಟ್ಟಿಯಾಗುತ್ತದೆ. ಅಂಬರ್ ಅನ್ನುವ ಕಂದು ಬಣ್ಣದಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ. ಐವರಿ ಬ್ಲ್ಯಾಕ್ ಅನ್ನುವ ಕಪ್ಪು ಮಹಾ ನಿಧಾನ. ಅದಕ್ಕೇ ಕೋಟನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ತಳದ ಪದರಕ್ಕೆ ಬಣ್ಣ ತೆಳುಮಾಡುವ ಟರ್ಪೆಂಟೈನ್ ಜಾಸ್ತಿ, ಮೇಲಮೇಲಕ್ಕೆ ಹೋದಂತೆ ಎಣ್ಣೆ ಜಾಸ್ತಿ. ಇದು ಉಲ್ಟಾ ಆದರೆ ಮೇಲಿನ ಪದರ ಮುಂದೆ ಬಿರುಕು ಬಿಡಬಹುದು.

ಒಂದು ಮಾತು ಮಾತ್ರ ದಯವಿಟ್ಟು ನೆನಪಿಡಿ. ಈ ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಎಸೆಯಬೇಡಿ. ಅದು ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ನಾನು ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿಡುತ್ತೇನೆ.

ಈ ಮುಖ ಬರೆದಾಗ ಶೀಲೆಗೆ ಇಪ್ಪತ್ತೆರಡರ ಆಸುಪಾಸು. 1918ರಲ್ಲಿ ಸ್ಪ್ಯಾನಿಷ್ ಫ್ಲೂಗೆ ಹೋದಾಗ ಬರೀ 28. ಆ ಕೈಯ ಧೈರ್ಯ ನೋಡಿದಷ್ಟೂ ಸಂಕಟವಾಗುತ್ತದೆ. ಅದೇ 1912ರಲ್ಲಿ ಗೆಳತಿ ವಾಲಿ ನೊಯಿಟ್ಸಿಲ್ ಮುಖವನ್ನೂ ಇದರ ಜೋಡಿಯಾಗಿ ಬರೆದಿದ್ದಾನೆ. ಇದು ಮುಗಿದ ಮೇಲೆ ಅದನ್ನೇ ಹಿಡಿಯೋಣ ಅಂತಿದ್ದೇನೆ.

ಸದ್ಯಕ್ಕೆ ಗಿಡದ ಬುಡ್ಡೆಗಳು ಬಾಕಿ. ಕ್ಯಾಡ್ಮಿಯಂ ರೆಡ್ ಒಂದೇ ಸಾಕಾ, ಇಲ್ಲ ಸ್ವಲ್ಪ ಆರೆಂಜ್ ಬೇಕಾ? ಉಳಿದ ಪ್ಲೈ ತುಂಡಿನ ಮೇಲೆ ಎರಡನ್ನೂ ಹಚ್ಚಿ ಇಟ್ಟಿದ್ದೇನೆ. ಒಣಗಿದ ಮೇಲೆ ಕೆನ್ನೆಯ ಪಕ್ಕ ಹಿಡಿದು ನೋಡಬೇಕು.