ಕಲ್ಲು ಮಾರಿದವನು ಸುಳ್ಳು ಹೇಳಲಿಲ್ಲ

ಕೆಲಸಕ್ಕೆ ಬಾರದ ಸಾಮಾನು ಅಂದ್ರೆ ನನಗೆ ಬಹಳ ಇಷ್ಟ. ಕೊಳ್ಳುವುದಕ್ಕಲ್ಲ, ನೋಡುವುದಕ್ಕೆ. ಯಾರೋ ಒಬ್ಬರು ಕೂತು ಯೋಚನೆ ಮಾಡಿ, ಅಚ್ಚು ಹಾಕಿಸಿ, ಡಬ್ಬಿ ಮೇಲೆ ಬಣ್ಣದ ಚಿತ್ರ ಮಾಡಿಸಿ, ಲಾರಿಗೆ ತುಂಬಿ ಕಳಿಸಿರುತ್ತಾರಲ್ಲ, ಆ ಧೈರ್ಯ ನೋಡುವುದಕ್ಕೆ. ಬಾಳೆಹಣ್ಣನ್ನು ಒಂದೇ ಸಮ ಹೋಳು ಮಾಡುವ ಪ್ಲಾಸ್ಟಿಕ್ ಚೌಕಟ್ಟು ಅಂತ ಒಂದು ಸಿಗುತ್ತದೆ. ನಮ್ಮ ಕಡೆ ಬಾಳೆಹಣ್ಣಿಗೆ ಸಾಮಾನು ಬೇಕು ಅಂತ ಯಾರಿಗಾದರೂ ಅನ್ನಿಸಿದ್ದುಂಟಾ? ರಸಾಯನಕ್ಕೂ ಕೈಯಲ್ಲೇ ಕಿವುಚುವ ಜನ ನಾವು.

ಈ ಹುಚ್ಚು ಇರುವವರಿಗೆ ತುಮಕೂರು ಒಳ್ಳೆಯ ಊರು. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆ ಜಾತ್ರೆ, ಅದರ ಜೊತೆಗೇ ವಸ್ತುಪ್ರದರ್ಶನ. ಮನೆಯವರೆಲ್ಲ ದನಗಳ ಪರಿಷೆ ನೋಡಿ, ತೇರು ನೋಡಿ, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುವ ಲೆಕ್ಕದಲ್ಲಿ ಹೊರಟರೆ ನಾನು ತರಕಾರಿ ಹೆಚ್ಚುವ ಸಾಮಾನು ಮಾರುವವನು ಎಲ್ಲಿದ್ದಾನೆ ಅಂತ ಹುಡುಕಿ ಅವನ ಮುಂದೆ ನಿಂತುಬಿಡುತ್ತೇನೆ. ಕಿವಿಗೆ ಸಿಕ್ಕಿಸಿದ ಮೈಕು, ಮುಂದೆ ಕ್ಯಾರೆಟ್ಟು ಮೂಲಂಗಿ ರಾಶಿ. ‘ಅಕ್ಕಾ ಇಲ್ಲಿ ನೋಡಿ’ ಅಂತ ಒಂದು ಸುತ್ತು ತಿರುಗಿಸಿದರೆ ಮೂಲಂಗಿ ಹೂವಾಗಿ ಬೀಳುತ್ತದೆ. ಅವನು ಯಾವಾಗಲೂ ಗಟ್ಟಿ ತರಕಾರಿಯನ್ನೇ ಆರಿಸುತ್ತಾನೆ, ಹಣ್ಣಾದ ಟೊಮೆಟೊ ಹತ್ತಿರ ಸುಳಿಯುವುದೇ ಇಲ್ಲ, ಗಮನಿಸಿ. ಮನೆಗೆ ತಂದವರು ‘ನಮ್ಮ ಕೈಯಲ್ಲಿ ಹಂಗೆ ಬರ್ತಾನೇ ಇಲ್ಲ’ ಅನ್ನುತ್ತಾರೆ. ಹೇಗೆ ಬರಬೇಕು? ಡಬ್ಬಿಯೊಳಗೆ ಬ್ಲೇಡು ಕೊಟ್ಟಿದ್ದಾನೆ, ಮಣಿಕಟ್ಟು ಕೊಟ್ಟಿಲ್ಲ. ಆದರೂ ಅವನ ಮೇಲೆ ನನಗೆ ಸಿಟ್ಟಿಲ್ಲ. ಕಣ್ಣೆದುರಿಗೆ ಮಾಡಿ ತೋರಿಸಿದ, ನಿಮಗೆ ಇಷ್ಟ ಆಯಿತು, ತಗೊಂಡಿರಿ.

ಸಿಟ್ಟು ಬರುವುದು ಬೇರೆಯವರ ಮೇಲೆ. ಅಲ್ಲಿಗೆ ಹೋಗುವ ಮೊದಲು ಕಲ್ಲಿನ ಕತೆ ಹೇಳಿಬಿಡುತ್ತೇನೆ.

1975ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗ್ಯಾರಿ ಡಾಲ್ ಅನ್ನುವ ಒಬ್ಬ ಜಾಹೀರಾತು ಬರೆಯುವವನು ಕಲ್ಲು ಮಾರಿದ. ಸುಮ್ನೆ ಕಲ್ಲು. ಮೆಕ್ಸಿಕೋದ ಸಮುದ್ರ ತೀರದ ನುಣುಪು ಕಲ್ಲು. ಬಾರಿನಲ್ಲಿ ಕೂತಿದ್ದಾಗ ಗೆಳೆಯರು ನಾಯಿ ಬೆಕ್ಕು ಸಾಕುವ ಕಷ್ಟ ಹೇಳಿಕೊಳ್ಳುತ್ತಿದ್ದರಂತೆ, ಇವನು ‘ನಾನು ಸಾಕಿರೋದು ಕಲ್ಲು, ಏನೂ ತೊಂದರೆ ಇಲ್ಲ’ ಅಂದನಂತೆ. ಬೇರೆಯವರಾಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಇವನು ರಟ್ಟಿನ ಪೆಟ್ಟಿಗೆ ಮಾಡಿಸಿದ, ಒಳಗೆ ಹುಲ್ಲಿನ ಹಾಸಿಗೆ, ಉಸಿರಾಡಲು ತೂತು, ಜೊತೆಗೆ ಸಾಕುವುದು ಹೇಗೆ ಅಂತ 32 ಪುಟದ ಕೈಪಿಡಿ. ಕೂತ್ಕೋ ಅಂದರೆ ಕೂರುತ್ತದೆ. ಅಲ್ಲೇ ಇರು ಅಂದರೆ ಇರುತ್ತದೆ. ಉರುಳು ಅಂದರೆ ಮಾತ್ರ ಸ್ವಲ್ಪ ನಿಮ್ಮ ಸಹಾಯ ಬೇಕು. ಬೆಲೆ ಸುಮಾರು 4 ಡಾಲರ್. ಕೆಲವೇ ತಿಂಗಳಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಕಲ್ಲು ಖರ್ಚಾದವು, ಆಮೇಲೆ ಹುಚ್ಚು ಇಳಿಯಿತು, ಅಷ್ಟರಲ್ಲಿ ಅವನು ಶ್ರೀಮಂತನಾಗಿದ್ದ. ಮಧುಗಿರಿಯ ಒಬ್ಬರಿಗೆ ಇದನ್ನು ಹೇಳಿದೆ. ಊರಿನ ಬೆನ್ನಿಗೇ ಅಷ್ಟು ದೊಡ್ಡ ಏಕಶಿಲಾ ಬೆಟ್ಟ ಇಟ್ಟುಕೊಂಡಿರುವವರು ಅವರು. ‘ನಮ್ಮದಕ್ಕೆ ಪೆಟ್ಟಿಗೆ ಎಲ್ಲಿಂದ ತರೋಣ’ ಅಂದರು.

ಇದರಲ್ಲಿ ಮೋಸ ಎಲ್ಲಿದೆ ಹೇಳಿ? ಕಲ್ಲು ಅಂದ, ಕಲ್ಲೇ ಕೊಟ್ಟ. ಬಿ.ಪಿ. ಇಳಿಯುತ್ತದೆ ಅನ್ನಲಿಲ್ಲ, ಮನೆಗೆ ಲಕ್ಷ್ಮಿ ಬರುತ್ತಾಳೆ ಅನ್ನಲಿಲ್ಲ. ಜನ ನಗುವುದಕ್ಕೆ ದುಡ್ಡು ಕೊಟ್ಟರು, ನಕ್ಕರು.

ಜಪಾನಿನ ಕೆಂಜಿ ಕವಾಕಾಮಿ ಇನ್ನೂ ಒಂದು ಹೆಜ್ಜೆ ಮುಂದೆ. ಇವರು ಮಾಡುವ ಸಾಮಾನುಗಳಿಗೆ ಚಿಂದೋಗು ಅಂತ ಹೆಸರು. ಬೆಕ್ಕಿನ ಕಾಲಿಗೆ ನೆಲ ಒರೆಸುವ ಚಪ್ಪಲಿ, ಬೆಕ್ಕು ಓಡಾಡಿದಷ್ಟೂ ಮನೆ ಚೊಕ್ಕಟ. ನೆಗಡಿ ಇರುವವರು ತಲೆ ಮೇಲೆ ಇಟ್ಟುಕೊಳ್ಳಲು ಟಾಯ್ಲೆಟ್ ಪೇಪರ್ ಸುರುಳಿಯ ಟೋಪಿ. ಬಿಸಿ ನೂಡಲ್ಸ್ ಆರಿಸಲು ಚಾಪ್‌ಸ್ಟಿಕ್‌ಗೆ ಸಿಕ್ಕಿಸಿದ ಪುಟಾಣಿ ಫ್ಯಾನು. ಇದಕ್ಕೆಲ್ಲ ಹತ್ತು ನಿಯಮ ಬೇರೆ ಇವೆ, ಬರೀ ಚಿತ್ರ ಬರೆದರೆ ಸಾಲದು, ನಿಜವಾಗಿ ಮಾಡಿರಬೇಕು, ಆದರೆ ಮಾರಬಾರದು, ಪೇಟೆಂಟ್ ಮಾಡಿಸಬಾರದು. ಮಾರುವುದಕ್ಕೇ ಇಲ್ಲದ ಸಾಮಾನಿನ ಮುಂದೆ ಮೋಸ ಹೋಗಲು ಸಾಧ್ಯವೇ ಇಲ್ಲ, ಅಲ್ವಾ.

ತಮಾಷೆ ಏನು ಅಂದರೆ, 1995ರಲ್ಲಿ ಇಂಗ್ಲಿಷಿನಲ್ಲಿ ಬಂದ ಅವರ ಪುಸ್ತಕದಲ್ಲಿ ಕೋಲಿನ ತುದಿಗೆ ಕ್ಯಾಮೆರಾ ಸಿಕ್ಕಿಸಿ ತಮ್ಮ ಫೋಟೋ ತಾವೇ ತೆಗೆದುಕೊಳ್ಳುವ ಸಾಮಾನೂ ಇತ್ತು. ಕೆಲಸಕ್ಕೆ ಬಾರದ್ದರ ಪಟ್ಟಿಯಲ್ಲಿ! ಅದಕ್ಕೂ ಮೊದಲೇ, 1980ರ ದಶಕದಲ್ಲಿ, ಮಿನೋಲ್ಟಾ ಕ್ಯಾಮೆರಾ ಕಂಪನಿಯ ಹಿರೋಶಿ ಉಯೆದಾ ಇಂಥದ್ದೇ ಕೋಲು ಮಾಡಿ ಪೇಟೆಂಟ್ ತಗೊಂಡಿದ್ದರು. ಯೂರೋಪ್ ಪ್ರವಾಸದಲ್ಲಿ ಒಬ್ಬ ಹುಡುಗನ ಕೈಗೆ ಕ್ಯಾಮೆರಾ ಕೊಟ್ಟು ಫೋಟೋ ತೆಗಿ ಅಂದರೆ ಅವನು ಕ್ಯಾಮೆರಾ ಸಮೇತ ಓಡಿಹೋದನಂತೆ, ಅದರಿಂದ ಹೊಳೆದ ಉಪಾಯ. ಆಗ ಅದು ಓಡಲಿಲ್ಲ, ಪೇಟೆಂಟ್ ಅವಧಿಯೂ ಮುಗಿಯಿತು, ಆಮೇಲೆ ಮೊಬೈಲು ಬಂತು. ಈಗ ಭಾನುವಾರ ದೇವರಾಯನದುರ್ಗಕ್ಕೆ ಹೋಗಿ ನೋಡಿ, ಆ ಕೋಲುಗಳ ನಡುವೆ ನುಗ್ಗಿಕೊಂಡು ಹೋಗಬೇಕು. ಹಾಗಾಗಿ ಹೊಸ ಸಾಮಾನು ನೋಡಿದ ತಕ್ಷಣ ‘ಇದು ಯಾರಿಗೆ ಬೇಕು’ ಅಂತ ನಾನು ಹೇಳುವುದಿಲ್ಲ.

ಈಗ ಸಿಟ್ಟಿನ ವಿಷಯ. ಪವರ್ ಸೇವರ್.

ನೋಡಿರುತ್ತೀರಿ. ಅಂಗೈ ಅಗಲದ ಬಿಳಿ ಡಬ್ಬಿ, ಹಿಂದೆ ಪಿನ್ನು, ಮುಂದೆ ಹಸಿರು ಲೈಟು. ಪ್ಲಗ್ಗಿಗೆ ಸಿಕ್ಕಿಸಿದರೆ ಕರೆಂಟ್ ಬಿಲ್ ಅರ್ಧಕ್ಕೆ ಇಳಿಯುತ್ತದೆ ಅಂತ ಹೇಳಿ ಕೊಟ್ಟುಹೋಗುತ್ತಾರೆ. ನಮ್ಮ ಬೀದಿಗೆ ಬಂದಿದ್ದವರು ಒಂದು ಮೀಟರು, ಒಂದು ಮೋಟಾರು ತಂದಿದ್ದರು. ಡಬ್ಬಿ ಸಿಕ್ಕಿಸಿದ ತಕ್ಷಣ ಮೀಟರಿನ ಮುಳ್ಳು ಕೆಳಗೆ ಇಳಿಯಿತು. ಎಲ್ಲರೂ ಹೋ ಅಂದರು. ಮುಳ್ಳು ಇಳಿದದ್ದು ನಿಜ, ಅದೇ ಇದರ ಚಾಲಾಕು. ಅದು ಆಂಪಿಯರ್ ಮೀಟರು, ತಂತಿಯಲ್ಲಿ ಎಷ್ಟು ಕರೆಂಟು ಹರಿಯುತ್ತಿದೆ ಅನ್ನುವುದನ್ನಷ್ಟೇ ತೋರಿಸುವಂಥದ್ದು. ಮೋಟಾರು ಓಡುವಾಗ ಕೆಲಸಕ್ಕೆ ಹೋಗುವ ಕರೆಂಟಿನ ಜೊತೆಗೆ ಬರೀ ಅತ್ತಿಂದಿತ್ತ ಓಡಾಡುವ ಕರೆಂಟೂ ಇರುತ್ತದೆ. ಆ ಡಬ್ಬಿಯೊಳಗೆ ಇರುವುದು ಕೆಪಾಸಿಟರ್, ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು ವಾಪಸ್ ಬಿಡುವ ಬಿಡಿಭಾಗ. ಅದನ್ನು ಪಕ್ಕದಲ್ಲಿ ಇಟ್ಟರೆ ಆ ಓಡಾಟ ಮೋಟಾರಿಗೂ ಕೆಪಾಸಿಟರಿಗೂ ನಡುವೆಯೇ ಮುಗಿದುಹೋಗುತ್ತದೆ, ಲೈನಿನಿಂದ ಬರುವ ಆಂಪಿಯರ್ ಕಮ್ಮಿ ಕಾಣುತ್ತದೆ. ಆದರೆ ನಮ್ಮ ಮನೆ ಮೀಟರು ಲೆಕ್ಕ ಹಾಕುವುದು ಯೂನಿಟ್ಟು, ಅಂದರೆ ನಿಜವಾಗಿ ಕೆಲಸಕ್ಕೆ ಖರ್ಚಾದದ್ದು. ಆ ಓಡಾಟಕ್ಕೆ ಅದು ದುಡ್ಡು ಹಾಕುತ್ತಲೇ ಇರಲಿಲ್ಲ. ಇಲ್ಲದ ಖರ್ಚನ್ನು ಉಳಿಸಿಕೊಡುವ ಡಬ್ಬಿ ಇದು.

ಆ ಡಬ್ಬಿ ಬಿಚ್ಚಿದರೆ ಸಿಗುವುದು ಒಂದು ಕೆಪಾಸಿಟರ್, ಲೈಟಿಗೆ ಬೇಕಾದ ಸಣ್ಣ ಸರ್ಕ್ಯೂಟು, ಅಷ್ಟೇ. ನಮ್ಮ ಎಲೆಕ್ಟ್ರಿಷಿಯನ್ನುಗಳು ‘ಫ್ಯಾನ್ ಕಂಡೆನ್ಸರ್ ಹೋಗಿದೆ’ ಅನ್ನುತ್ತಾರಲ್ಲ, ಅದರದೇ ಜಾತಿ. ಅಂತರಸನಹಳ್ಳಿ, ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶಗಳಲ್ಲಿ ದೊಡ್ಡ ಮೋಟಾರು ಓಡಿಸುವವರು ಪವರ್ ಫ್ಯಾಕ್ಟರ್, ಅಂದರೆ ಬಂದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಹೋಗುವ ಪಾಲು, ಸರಿಮಾಡಲು ಕೆಪಾಸಿಟರ್ ಸಾಲುಗಳನ್ನೇ ಕೂರಿಸುತ್ತಾರೆ, ಅವರಿಗೆ ಅದರ ಲೆಕ್ಕವೇ ಬೇರೆ, ಅದು ಕಮ್ಮಿಯಾದರೆ ದಂಡ ಬೀಳುತ್ತದೆ. ಅಲ್ಲಿ ಸತ್ಯವಾದ ಮಾತನ್ನು ಎತ್ತಿಕೊಂಡು ಬಂದು ಎರಡು ಫ್ಯಾನು ಒಂದು ಟಿವಿ ಇರುವ ಮನೆಗೆ ಮಾರುತ್ತಾರೆ. ಪೂರ್ತಿ ಸುಳ್ಳಾಗಿದ್ದರೆ ಹಿಡಿಯಬಹುದಿತ್ತು. ಇದರಲ್ಲಿ ಕಾಲು ಭಾಗ ನಿಜ ಇದೆ, ಅದಕ್ಕೇ ಓದಿದವರೂ ತಗೊಳ್ಳುತ್ತಾರೆ. ಇನ್ನೊಂದು ಹೇಳಬೇಕು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ನಮ್ಮ ಬೀದಿಯಲ್ಲಿ ಎಷ್ಟೋ ಮನೆಗಳಿಗೆ ಬಿಲ್ಲು ಸೊನ್ನೆ. ಆ ಮನೆಗಳಲ್ಲೂ ಹಸಿರು ಲೈಟು ಉರಿಯುತ್ತಲೇ ಇದೆ. ಸೊನ್ನೆಯಲ್ಲಿ ಅರ್ಧ ಎಷ್ಟು ಅಂತ ಪಕ್ಕದ ಮನೆಯವರನ್ನು ಕೇಳಿದೆ, ಅವರು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಇದರ ತಮ್ಮ ಇನ್ನೊಬ್ಬ ಇದ್ದಾನೆ, ಶಬ್ದದಿಂದ ಸೊಳ್ಳೆ ಓಡಿಸುವ ಯಂತ್ರ. ನಮಗೆ ಕೇಳಿಸದ ಸದ್ದು ಸೊಳ್ಳೆಗೆ ಕೇಳಿಸಿ ಅದು ಓಡಿಹೋಗುತ್ತದಂತೆ. ಈ ಯಂತ್ರಗಳನ್ನು ಬಯಲಿನಲ್ಲಿ ಇಟ್ಟು ಮಾಡಿದ 10 ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟುಕೊಂಡು 2007ರಲ್ಲಿ, ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕೊಕ್ರೇನ್ ಸಂಸ್ಥೆಯ ಒಂದು ವಿಮರ್ಶೆ ಬಂತು. ಯಂತ್ರ ಇದ್ದರೂ ಇಲ್ಲದಿದ್ದರೂ ಸೊಳ್ಳೆ ಕೂರುವುದರಲ್ಲಿ ವ್ಯತ್ಯಾಸ ಇಲ್ಲ ಅಂತ ಅದು ಹೇಳಿತು. ಅಮಾನಿಕೆರೆ ಹತ್ತಿರ ಸಂಜೆ ಹೊತ್ತು ಕೂತು ನೋಡಿ, ಇಂಥ ಸದ್ದಿಗೆಲ್ಲ ಓಡುವ ಸೊಳ್ಳೆಗಳಲ್ಲ ಅವು.

ಅದೇ ಸೊಳ್ಳೆ ಬ್ಯಾಟು ನೋಡಿ. ತೈವಾನಿನಲ್ಲಿ 1990ರ ದಶಕದಲ್ಲಿ ಹುಟ್ಟಿದ್ದು. ಮೊದಲು ಬಂದಾಗ ನಕ್ಕಿದ್ದೇ ನಕ್ಕಿದ್ದು, ದೊಡ್ಡವರು ಮನೆಯೊಳಗೆ ಶಟಲ್ ಆಡುತ್ತಾರಲ್ಲ ಅಂತ. ಒಳಗೆ ಏನಿದೆ? ಸಣ್ಣ ಬ್ಯಾಟರಿಯ ಕರೆಂಟನ್ನು ಸಾವಿರ ವೋಲ್ಟ್ ಆಸುಪಾಸಿಗೆ, ಕೆಲವದರಲ್ಲಿ ಅದಕ್ಕೂ ಜಾಸ್ತಿಗೆ ಏರಿಸುವ ಸರ್ಕ್ಯೂಟು, ಅದನ್ನು ಹಿಡಿದಿಡಲು ಕೆಪಾಸಿಟರ್. ಹೌದು, ಅದೇ ಕೆಪಾಸಿಟರ್! ಸೊಳ್ಳೆ ಎರಡು ಜಾಲರಿ ನಡುವೆ ಬಂದರೆ ಚಟ್ ಅಂತ ಸದ್ದು, ಸುಟ್ಟ ವಾಸನೆ. ಯಾರೂ ಯಾವ ಮಾತನ್ನೂ ನಂಬಬೇಕಾಗಿಲ್ಲ. ಸದ್ದು ಬಂದರೆ ಸತ್ತಿದೆ.

ಕೊರಳಿಗೆ ಹಾಕಿಕೊಳ್ಳುವ ಕ್ವಾಂಟಮ್ ಪೆಂಡೆಂಟ್ ವಿಷಯ ಇನ್ನೂ ಕೆಟ್ಟದ್ದು. ಮೊಬೈಲ್ ಟವರಿನ ಕಿರಣದಿಂದ ಕಾಪಾಡುತ್ತದೆ, ಮಂಡಿನೋವು ಹೋಗುತ್ತದೆ ಅಂತ ನೆಂಟರ ಮೂಲಕವೇ ಮನೆಗೆ ಬರುವ ಸಾಮಾನು, ಬೇಡ ಅನ್ನುವ ಹಾಗೂ ಇಲ್ಲ. 2021ರ ಡಿಸೆಂಬರಿನಲ್ಲಿ ನೆದರ್ಲೆಂಡ್ಸ್‌ನ ಅಣು ಸುರಕ್ಷತೆ ಇಲಾಖೆ ಇಂಥ 10 ಸಾಮಾನುಗಳನ್ನು ಪರೀಕ್ಷೆ ಮಾಡಿಸಿ, ಇವುಗಳಿಂದಲೇ ವಿಕಿರಣ ಬರುತ್ತಿದೆ, ಹಾಕಿಕೊಳ್ಳಬೇಡಿ ಅಂತ ಜನರಿಗೆ ಹೇಳಿತು. 5ಜಿ ಕಿರಣಕ್ಕೆ ಹೆದರಿ ಕೊರಳಿಗೆ ವಿಕಿರಣ ಕಟ್ಟಿಕೊಂಡ ಹಾಗಾಯಿತು. ನಗುವ ವಿಷಯವೇ, ಆದರೆ ನಗು ಬರುವುದಿಲ್ಲ.

ದುಡ್ಡಿರುವವರ ಮೂರ್ಖತನ ಬೇರೆ ತರಹ. 2016ರಲ್ಲಿ ಅಮೆರಿಕದಲ್ಲಿ ಜ್ಯೂಸೆರೋ ಅಂತ ಯಂತ್ರ ಬಂತು, 699 ಡಾಲರ್. ಕಂಪನಿಯದೇ ಪ್ಯಾಕೆಟ್ ಒಳಗಿಟ್ಟರೆ ಹಿಂಡಿ ಲೋಟಕ್ಕೆ ಜ್ಯೂಸ್ ಬಿಡುತ್ತದೆ, ವೈಫೈ ಬೇರೆ. ಮರುವರ್ಷ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆಯ ವರದಿಗಾರರು ಅದೇ ಪ್ಯಾಕೆಟನ್ನು ಕೈಯಲ್ಲೇ ಹಿಂಡಿ ಜ್ಯೂಸ್ ತೆಗೆದು ತೋರಿಸಿದರು. ಕೆಲವು ತಿಂಗಳಿಗೆ ಕಂಪನಿ ಮುಚ್ಚಿತು. ಬಿ.ಎಚ್. ರಸ್ತೆಯಲ್ಲಿ ಗೆಜ್ಜೆ ಕಟ್ಟಿದ ಕಬ್ಬಿನ ಗಾಣ ತಿರುಗಿಸುವವರ ಹತ್ತಿರ ಒಂದು ಮಾತು ಕೇಳಿದ್ದರೆ ಸಾಕಿತ್ತು.

ಇಷ್ಟೆಲ್ಲ ಬೈದ ಮೇಲೆ ಒಂದನ್ನು ಹೊಗಳಲೇಬೇಕು. ತಳದಲ್ಲಿ ರಬ್ಬರ್ ಬಟ್ಟಲು, ಪಕ್ಕದಲ್ಲಿ ಹಿಡಿ, ತಿರುಗಿಸಿದರೆ ಕಾಯಿ ತುರಿಯುವ ಮೇಜಿನ ಯಂತ್ರ. ನಮ್ಮದು ತೆಂಗಿನ ಸೀಮೆ. ಇಲ್ಲಿ ಕಾಯಿ ತುರಿಯುವುದು ಅಂದರೆ ಈಳಿಗೆ ಮಣೆ, ಕಾಲು ಮಡಚಿ ನೆಲಕ್ಕೆ ಕೂತು ಎರಡೂ ಕೈಯಲ್ಲಿ ಚಿಪ್ಪು ಹಿಡಿಯುವುದು. ಈ ಯಂತ್ರ ಮೊದಲು ಬಂದಾಗ ಅಡುಗೆ ಗೊತ್ತಿಲ್ಲದವರ ಆಟಿಕೆ ಅಂತ ಆಡಿಕೊಂಡರು. ಕಡಪ ಕಲ್ಲಿನ ಒರಟು ಕಟ್ಟೆ ಮೇಲೆ ಅದು ಹಿಡಿದು ನಿಲ್ಲುವುದಿಲ್ಲ, ಗಾಳಿ ಸೇರಿಕೊಂಡು ಎದ್ದುಬಿಡುತ್ತದೆ, ಅದೂ ನಿಜ. ನುಣುಪು ಗ್ರಾನೈಟಿನ ಮೇಲೆ ತಳ ಸ್ವಲ್ಪ ಒದ್ದೆ ಮಾಡಿ ಕೂರಿಸಿ, ಅಲ್ಲಾಡುವುದಿಲ್ಲ. ಮಂಡಿ ಮಡಚಲಾಗದ ನಮ್ಮ ಅಜ್ಜಿ ಸ್ಟೂಲ್ ಮೇಲೆ ಕೂತು ತಾನೇ ಕಾಯಿ ತುರಿದು ಚಟ್ನಿ ಮಾಡುತ್ತಾಳೆ. ಸೊಸೆಯಂದಿರನ್ನು ಕರೆಯುವ ಅಗತ್ಯ ಇಲ್ಲ, ಅದೇ ಅವಳಿಗೆ ದೊಡ್ಡ ಖುಷಿ.

ಅಮೆರಿಕದ ಸ್ಯಾಮ್ ಫಾರ್ಬರ್ ಕತೆಯೂ ಇಂಥದ್ದೇ. ಹೆಂಡತಿಗೆ ಕೈ ಸಂಧಿವಾತ, ಸಿಪ್ಪೆ ಹೆರೆಯುವ ಸಣ್ಣ ಕಬ್ಬಿಣದ ಹಿಡಿ ಹಿಡಿಯಲು ಆಗುತ್ತಿರಲಿಲ್ಲ. ದಪ್ಪ ರಬ್ಬರ್ ಹಿಡಿಯ ಪೀಲರ್ ಮಾಡಿಸಿ 1990ರಲ್ಲಿ ಆಕ್ಸೋ ಹೆಸರಿನಲ್ಲಿ ಪೇಟೆಗೆ ಬಿಟ್ಟರು. ಇವತ್ತು ನೆಟ್ಟಗಿರುವ ಕೈಯವರೂ ಅಂಥದ್ದನ್ನೇ ಕೇಳುತ್ತಾರೆ. ಆದ್ದರಿಂದ ಯಾವುದಾದರೂ ಸಾಮಾನು ನೋಡಿ ‘ಇಷ್ಟೂ ಕೈಯಲ್ಲಿ ಮಾಡಲಾಗದ ಸೋಮಾರಿಗಳಾ’ ಅಂತ ಯಾರಾದರೂ ಬರೆದಿದ್ದರೆ ನಾನು ಮೊದಲು ಯೋಚಿಸುವುದು, ಕೈ ಇಲ್ಲದವರು, ಕೈ ನಡುಗುವವರು ಇದನ್ನು ಹೇಗೆ ನೋಡಿರಬಹುದು ಅಂತ.

ಕೊನೆಗೆ ನನ್ನದೊಂದು ಬೇಡಿಕೆ. ಹಲಸಿನ ಕಾಲ ಬರುತ್ತಿದೆ, ಚೇಳೂರು ಕಡೆಯಿಂದ ಹಣ್ಣು ಬರಲು ಶುರುವಾಗುತ್ತದೆ. ತೊಳೆ ಬಿಡಿಸುವಾಗ ಕೈಗೆ ಮೇಣ ಅಂಟದ ಹಾಗೆ ಮಾಡುವ ಸಾಮಾನು ಯಾರಾದರೂ ಕಂಡುಹಿಡಿದಿದ್ದರೆ ತಿಳಿಸಿ, ಎಷ್ಟೇ ವಿಚಿತ್ರವಾಗಿದ್ದರೂ ಪರವಾಗಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿಕೋ ಅಂತ ಮಾತ್ರ ಹೇಳಬೇಡಿ, ಅದು ನನಗೂ ಗೊತ್ತು.