ಮೀಟರಿನ ಕೆಂಪು ದೀಪ ಎಣಿಸಿ ದಿನಕ್ಕೆ ಒಂದು ಯೂನಿಟ್ ಇಳಿಸುವ ಕೆಲಸ: ಐದು ವಾರದ ದಾಖಲೆ

ಗೃಹಜ್ಯೋತಿಯಲ್ಲಿ ಈ ಮನೆಗೆ ಉಚಿತವಾಗಿ ಸಿಕ್ಕಿರುವುದು ತಿಂಗಳಿಗೆ 124 ಯೂನಿಟ್. 2022-23ರ ಸರಾಸರಿ 113, ಅದರ ಮೇಲೆ ಶೇಕಡಾ 10. ಕಳೆದ ಮೂರು ಬಿಲ್ಲುಗಳಲ್ಲಿ ಬಂದಿರುವುದು 158, 151, 156. ಅಂದರೆ ಸುಮಾರು 31 ಯೂನಿಟ್ ಹೆಚ್ಚು. 2025-26ರ ದರ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಲೆಕ್ಕ ಹಾಕಿದರೆ ತಿಂಗಳಿಗೆ 180 ರೂಪಾಯಿ, ತೆರಿಗೆ ಬೇರೆ. ಇದಕ್ಕಿಂತ ದೊಡ್ಡ ಭಯ ಬೇಸಿಗೆಯದು. 200 ದಾಟಿದ ತಿಂಗಳು ಹೆಚ್ಚುವರಿಗೆ ಮಾತ್ರ ಕಟ್ಟಿದರೆ ಸಾಲದು, ಇಡೀ ಬಿಲ್ಲು ಕಟ್ಟಬೇಕು.

ಮನೆಯಲ್ಲಿ ಮೂರು ಜನ. ಫ್ರಿಜ್, 15 ಲೀಟರಿನ ಗೀಸರ್, ಎರಡು ಫ್ಯಾನ್, ಟಿವಿ, ಇನ್ವರ್ಟರ್. ಬಾವಿ ಮೋಟರ್ ಇಲ್ಲ, ಎಸಿ ಇಲ್ಲ. ದಿನಕ್ಕೆ 5.17 ಯೂನಿಟ್ ಓಡುತ್ತಿದೆ, 4.13ಕ್ಕೆ ಇಳಿಯಬೇಕು. ದಿನಕ್ಕೆ ಒಂದು ಯೂನಿಟ್ ಎಲ್ಲಿ ಸೋರುತ್ತಿದೆ ಎಂದು ಹುಡುಕುವುದೇ ಕೆಲಸ.

ಒಂದು ಎಚ್ಚರಿಕೆ: ಬಿಲ್ಲಿನ ಯೂನಿಟ್ಟನ್ನು ಬಿಲ್ಲಿನ ಯೂನಿಟ್ಟಿಗೆ ಹೋಲಿಸಬೇಡಿ. ರೀಡಿಂಗ್‌ಗೆ ಬರುವವರು ಒಂದು ತಿಂಗಳು 28ನೇ ದಿನಕ್ಕೆ ಬಂದರೆ ಇನ್ನೊಂದು ತಿಂಗಳು 33ನೇ ದಿನಕ್ಕೆ ಬರುತ್ತಾರೆ. ಬಿಲ್ಲಿನಲ್ಲಿರುವ ಎರಡು ತಾರೀಖುಗಳ ನಡುವಿನ ದಿನ ಎಣಿಸಿ, ಯೂನಿಟ್ಟನ್ನು ಅದರಿಂದ ಭಾಗಿಸಿ.

1ನೇ ದಿನ: ಮೀಟರ್ ಓದುವುದು

ಮೀಟರಿನ ಮುಖದ ಮೇಲೆ ಸಣ್ಣ ಅಕ್ಷರದಲ್ಲಿ 3200 ಇಂಪಲ್ಸ್ ಎಂದಿದೆ. ಪಕ್ಕದ ಕೆಂಪು ಎಲ್‌ಇಡಿ 3200 ಸಲ ಮಿನುಗಿದರೆ ಒಂದು ಯೂನಿಟ್. ಎರಡು ಮಿನುಗುಗಳ ನಡುವಿನ ಸೆಕೆಂಡಿನಿಂದ 1125ನ್ನು ಭಾಗಿಸಿದರೆ ಆ ಹೊತ್ತಿಗೆ ಮನೆ ಎಳೆಯುತ್ತಿರುವ ವ್ಯಾಟ್ ಸಿಗುತ್ತದೆ. ಹತ್ತು ಮಿನುಗು ಎಣಿಸುವುದಾದರೆ 11250ನ್ನು ಒಟ್ಟು ಸೆಕೆಂಡಿನಿಂದ ಭಾಗಿಸಿ. ಮೊದಲ ಮಿನುಗಿಗೆ ‘ಸೊನ್ನೆ’ ಎಂದು ಎಣಿಕೆ ಶುರು ಮಾಡಬೇಕು. ‘ಒಂದು’ ಎಂದು ಶುರು ಮಾಡಿದರೆ ಸಿಗುವುದು ಒಂಬತ್ತೇ ಅಂತರ, ಲೆಕ್ಕ ಶೇಕಡಾ ಹತ್ತರಷ್ಟು ತಪ್ಪುತ್ತದೆ. ನಿಮ್ಮ ಮೀಟರಿನಲ್ಲಿ 1600 ಎಂದಿದ್ದರೆ 1125ರ ಬದಲು 2250 ಹಿಡಿಯಿರಿ.

ಮೊದಲ ಪರೀಕ್ಷೆ ಮೀಟರಿನದೇ. ಮೇನ್ ಸ್ವಿಚ್ ಆರಿಸಿ ಮಧ್ಯಾಹ್ನ 15 ನಿಮಿಷ ನೋಡಿದಾಗ ಒಂದು ಮಿನುಗೂ ಇಲ್ಲ. ಮೀಟರ್ ತಾನಾಗಿ ಓಡುತ್ತಿಲ್ಲ ಎಂದು ಬರೆದುಕೊಳ್ಳಲಾಯಿತು. (ಇದನ್ನು 9ನೇ ದಿನ ತಿದ್ದಬೇಕಾಯಿತು.)

2 ಮತ್ತು 3ನೇ ದಿನ: ‘ಎಲ್ಲ ಆರಿಸಿದೆ’ ಅನ್ನುವಾಗ ಓಡುವ ಕರೆಂಟು

ಫ್ರಿಜ್ ಪ್ಲಗ್ ತೆಗೆದು, ದೀಪ ಫ್ಯಾನ್ ಎಲ್ಲ ಆರಿಸಿ, ಉಳಿದದ್ದನ್ನು ದಿನವೂ ಇರುವ ಹಾಗೇ ಬಿಟ್ಟು ಎಣಿಸಿದರೆ ಹತ್ತು ಮಿನುಗಿಗೆ 225 ಸೆಕೆಂಡ್. ಅಂದರೆ 50 ವ್ಯಾಟ್. ಸಣ್ಣದು ಅನ್ನಿಸುತ್ತದೆ, ಆದರೆ ಇದು 24 ಗಂಟೆಯೂ ನಿಲ್ಲುವುದಿಲ್ಲ. ದಿನಕ್ಕೆ 1.2 ಯೂನಿಟ್, ತಿಂಗಳಿಗೆ 36.

ಇನ್ವರ್ಟರ್ ಪ್ಲಗ್ ತೆಗೆದಾಗ ಮಿನುಗಿನ ಅಂತರ 22.5 ಸೆಕೆಂಡ್‌ನಿಂದ 66 ಸೆಕೆಂಡ್‌ಗೆ ಹೋಯಿತು. ಉಳಿದದ್ದು 17 ವ್ಯಾಟ್, ಹಾಗಾದರೆ ಇನ್ವರ್ಟರ್ 33 ವ್ಯಾಟ್ ಎಂದು ಬರೆದದ್ದು ತಪ್ಪು. ಪ್ಲಗ್ ತೆಗೆದರೆ ಇನ್ವರ್ಟರ್ ಸುಮ್ಮನಾಗುವುದಿಲ್ಲ, ಕರೆಂಟು ಹೋಯಿತೆಂದು ತಿಳಿದು ತನ್ನ ಲೈನಿನಲ್ಲಿರುವುದನ್ನೆಲ್ಲ ಬ್ಯಾಟರಿಯಿಂದ ಓಡಿಸುತ್ತದೆ. ಇಲ್ಲಿ ವೈಫೈ ರೌಟರ್ ಆ ಲೈನಿನಲ್ಲಿತ್ತು. ಅದರ 9 ವ್ಯಾಟೂ ಮೀಟರಿನಿಂದ ಮಾಯವಾಗಿತ್ತು. ಮೊದಲು ರೌಟರ್ ತೆಗೆದು ಆಮೇಲೆ ಇನ್ವರ್ಟರ್ ತೆಗೆದಾಗ ಸರಿಯಾದ ಅಂಕಿ ಸಿಕ್ಕಿತು: ಇನ್ವರ್ಟರ್ 24, ಸೆಟ್‌ಟಾಪ್ ಬಾಕ್ಸ್ 12, ರೌಟರ್ 9, ಸೊಳ್ಳೆ ಲಿಕ್ವಿಡ್ ಮಷಿನ್ 5. ಇನ್ವರ್ಟರ್ ಅಳೆಯುವ ಹಿಂದಿನ ರಾತ್ರಿ ಕರೆಂಟು ಹೋಗಿರಬಾರದು. ಹೋಗಿದ್ದರೆ ಅದು ಬ್ಯಾಟರಿ ತುಂಬಿಸುತ್ತಿರುತ್ತದೆ, ನೂರಾರು ವ್ಯಾಟ್ ತೋರಿಸುತ್ತದೆ.

ಇನ್ವರ್ಟರನ್ನು ಇದ್ದ ಹಾಗೇ ಬಿಡಲಾಗಿದೆ. ಪ್ಲಗ್ ಸ್ವಿಚ್ ಆರಿಸಿಡುವುದು ಉಳಿತಾಯವಲ್ಲ, ಬ್ಯಾಟರಿ ಖಾಲಿಯಾಗಿ ಕೆಡುತ್ತದೆ. ಡಿಸ್ಟಿಲ್ಡ್ ವಾಟರ್ ಗೆರೆಯವರೆಗೆ ತುಂಬಿಸಿ, ಟರ್ಮಿನಲ್ ಮೇಲಿನ ಬಿಳಿ ಪುಡಿಯನ್ನು ಬಿಸಿನೀರು, ಅಡುಗೆ ಸೋಡಾದಿಂದ ತೊಳೆದು ಒರೆಸಿದ್ದಷ್ಟೇ. ಸೋಡಾ ನೀರು ಸೆಲ್ಲಿನ ಒಳಗೆ ಒಂದು ಹನಿಯೂ ಬೀಳಬಾರದು, ಬಿರಡೆ ಬಿಗಿದಿರಬೇಕು. ಸೆಟ್‌ಟಾಪ್ ಬಾಕ್ಸಿಗೆ ಸ್ವಿಚ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿ, ಟಿವಿ ನೋಡುವ ನಾಲ್ಕು ಗಂಟೆ ಬಿಟ್ಟು ಉಳಿದ 20 ಗಂಟೆ ಆರಿಸಿದರೆ 0.24 ಯೂನಿಟ್. ರಿಮೋಟಿನಲ್ಲಿ ಆರಿಸಿದರೆ ಬಾಕ್ಸ್ ಎಳೆಯುವ ಕರೆಂಟು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಎಣಿಸಿ ನೋಡಿದ ಮಾತು. ಸೊಳ್ಳೆ ಮಷಿನ್ ಹಗಲು ತೆಗೆದಿಟ್ಟರೆ 0.07, ಅದಕ್ಕಿಂತ ಲಿಕ್ವಿಡ್ ಉಳಿಯುವುದೇ ಲಾಭ.

5ನೇ ದಿನ: ಫ್ರಿಜ್

ಕಂಪ್ರೆಸರ್ ಓಡುವಾಗ 110 ವ್ಯಾಟ್. 40 ನಿಮಿಷದ ಸುತ್ತಿನಲ್ಲಿ 20 ನಿಮಿಷ ಓಡುತ್ತಿದೆ, ದಿನಕ್ಕೆ 1.32 ಯೂನಿಟ್. ಮನೆಯಲ್ಲಿ ಅತಿ ಹೆಚ್ಚು ಕರೆಂಟು ತಿನ್ನುವುದು ಇದೇ.

ಬಾಗಿಲಿನ ರಬ್ಬರಿಗೆ ಹಳೆ ಬಿಲ್ಲಿನ ಚೀಟಿ ಸಿಕ್ಕಿಸಿ ಎಳೆದು ನೋಡುತ್ತ ಸುತ್ತಲೂ ಬಂದರೆ ಮೂರು ಕಡೆ ಬಿಗಿ, ಕೀಲಿನ ಕೆಳಮೂಲೆಯಲ್ಲಿ ಚೀಟಿ ತಾನಾಗಿ ಜಾರಿತು. ರಬ್ಬರಿನ ಮಡಿಕೆಯೊಳಗೆ ಹಾಲಿನ ಜಿಡ್ಡು, ಸಾಸಿವೆ ಕಾಳು ಕೂತಿದ್ದವು. ಉಗುರುಬೆಚ್ಚಗಿನ ಸೋಪಿನ ನೀರು, ಹಳೆ ಹಲ್ಲುಜ್ಜುವ ಬ್ರಷ್. ಒಣಗಿದ ಮೇಲೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮೂಲೆಗೆ ಐದು ನಿಮಿಷ ಒತ್ತಿ ರಬ್ಬರ್ ಮೆತ್ತಗಾದಾಗ ಬೆರಳಿನಿಂದ ಹೊರಗೆ ಎಳೆದು, ಬಾಗಿಲು ಮುಚ್ಚಿ ಒಂದು ಗಂಟೆ ಬಿಡಬೇಕು. ಹಿಂಭಾಗ ಗೋಡೆಗೆ ತಾಗಿಕೊಂಡಿತ್ತು. 12 ಸೆಂಟಿಮೀಟರ್ ಮುಂದಕ್ಕೆ ತಂದು ಹಿಂದಿನ ಜಾಲರಿಯ ಧೂಳು ತೆಗೆಯಲಾಯಿತು. ಫ್ರೀಜರಿನ ಮಂಜು ಬೆರಳಿನಷ್ಟು ದಪ್ಪ ಕಟ್ಟಿತ್ತು. ಚಾಕುವಿನಿಂದ ಕೀಳಬೇಡಿ, ಗ್ಯಾಸ್ ಹರಿಯುವ ಕೊಳವೆ ಅದರ ಹಿಂದೆಯೇ ಇದೆ, ತೂತಾದರೆ ಸಾವಿರಾರು ರೂಪಾಯಿ. ಆರಿಸಿ, ಬಾಗಿಲು ತೆರೆದು, ಒಂದು ಪಾತ್ರೆ ಬಿಸಿನೀರು ಇಟ್ಟರೆ ತಾನೇ ಕರಗುತ್ತದೆ.

ಎರಡು ದಿನ ಬಿಟ್ಟು ನೋಡಿದಾಗ 40ರಲ್ಲಿ 15 ನಿಮಿಷ. ದಿನಕ್ಕೆ 0.99. ಅದೇ ದಿನ ನೋಡಬೇಡಿ, ಮಂಜು ಕರಗಿಸಿದ ಮೇಲೆ ಕಂಪ್ರೆಸರ್ ಬಹಳ ಹೊತ್ತು ಓಡುತ್ತದೆ.

9ನೇ ದಿನ: ಇ/ಎಲ್ ದೀಪ

ಸಂಜೆ ಎಣಿಸುವಾಗ ಮೀಟರಿನ ಇನ್ನೊಂದು ದೀಪ, ಇ/ಎಲ್ ಎಂದು ಬರೆದಿರುವುದು, ಹೊತ್ತಿಕೊಂಡಿತ್ತು. ಹಗಲು ಅದು ಆರಿರುತ್ತದೆ. ಫೇಸ್ ತಂತಿಯಲ್ಲಿ ಹೋದ ಕರೆಂಟು, ನ್ಯೂಟ್ರಲ್ ತಂತಿಯಲ್ಲಿ ಬಂದ ಕರೆಂಟು ಒಂದೇ ಇಲ್ಲ ಎಂಬ ಸೂಚನೆ ಅದು. ಒಂದೋ ಎಲ್ಲೋ ನೆಲಕ್ಕೆ ಸೋರುತ್ತಿದೆ, ಇಲ್ಲವೇ ಬೇರೆ ಮನೆಯ ನ್ಯೂಟ್ರಲ್ ಇದಕ್ಕೆ ಸೇರಿಕೊಂಡಿದೆ. ಈಗಿನ ಮೀಟರುಗಳು ಎರಡು ತಂತಿಗಳಲ್ಲಿ ಯಾವುದರಲ್ಲಿ ಕರೆಂಟು ಹೆಚ್ಚೋ ಅದನ್ನೇ ಲೆಕ್ಕಕ್ಕೆ ಹಿಡಿಯುತ್ತವೆ. ಹಾಗಾಗಿ ಪಕ್ಕದವರು ಉರಿಸಿದ್ದು ನಿಮ್ಮ ಬಿಲ್ಲಿಗೆ ಬರಬಹುದು, ಯಾರೂ ಕದಿಯದೆಯೇ.

ಮೇನ್ ಸ್ವಿಚ್ ಮತ್ತೆ ಆರಿಸಿ ನೋಡಿದರೆ ಈ ಸಲ 56 ಸೆಕೆಂಡಿಗೊಂದು ಮಿನುಗು. 20 ವ್ಯಾಟ್. ಹಳೆ ಮೇನ್, ಫೇಸ್ ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಹಾಗೇ ಇರುತ್ತದೆ. ಮೇಲಿನ ಮನೆಯವರು ಮೆಟ್ಟಿಲಿನ ದೀಪ ಆರಿಸಿದ ಕೂಡಲೇ ಮಿನುಗು ನಿಂತಿತು, ಇ/ಎಲ್ ಆರಿತು. ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಉರಿಯುವ ದೀಪ, ದಿನಕ್ಕೆ 0.24 ಯೂನಿಟ್. ಮಧ್ಯಾಹ್ನ ಮಾಡಿದ ಪರೀಕ್ಷೆಗೆ ಇದು ಸಿಕ್ಕದಿರುವುದು ಸಹಜ. ಈ ಪರೀಕ್ಷೆಯನ್ನು ಹಗಲು ಒಮ್ಮೆ, ದೀಪ ಹಚ್ಚಿದ ಮೇಲೆ ಒಮ್ಮೆ ಮಾಡಬೇಕು.

ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬಂದು ಆ ದೀಪದ ನ್ಯೂಟ್ರಲನ್ನು ಮೇಲಿನ ಮನೆಯ ಬೋರ್ಡಿಗೆ ಸೇರಿಸಿದರು, ಅರ್ಧ ಗಂಟೆಯ ಕೆಲಸ. ಇದನ್ನು ಸ್ವಂತ ಕೈಯಿಂದ ಮಾಡಬಾರದು. ಮೇನ್ ಆರಿಸಿದ್ದರೂ ಬೇರೆ ಮನೆಯ ಕರೆಂಟು ಆ ತಂತಿಯಲ್ಲಿರುತ್ತದೆ. ಮೀಟರಿನ ಸೀಲಿಗಂತೂ ಕೈ ಹಚ್ಚಲೇಬಾರದು. ಒಳಗಿನ ವೈರಿಂಗ್ ಸರಿಯಿದ್ದೂ ಮೀಟರ್ ಮೇಲೆ ಅನುಮಾನ ಉಳಿದರೆ ಉಪವಿಭಾಗದ ಕಚೇರಿಯಲ್ಲಿ ಮೀಟರ್ ಪರೀಕ್ಷೆಗೆ ಅರ್ಜಿ ಕೊಟ್ಟು ಶುಲ್ಕ ಕಟ್ಟಬಹುದು. ದೂರು ದಾಖಲಿಸಲು 1912. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅಲ್ಲಿ ಬಗೆಹರಿಯದಿದ್ದರೆ 2003ರ ವಿದ್ಯುತ್ ಕಾಯ್ದೆಯಡಿ ಇರುವ ಗ್ರಾಹಕರ ಕುಂದುಕೊರತೆ ವೇದಿಕೆಗೆ ಹೋಗಬಹುದು.

14ನೇ ದಿನ: ಗೀಸರ್

ಬಿಸಿನೀರು ಬೇಕಾಗುವುದು ಬೆಳಿಗ್ಗೆ ಇಬ್ಬರಿಗೆ, ತಲಾ ಒಂದು ಬಕೆಟ್, 18 ಲೀಟರ್. ನಲ್ಲಿಯ ನೀರು 22 ಡಿಗ್ರಿ. ಸ್ನಾನದ ನೀರು 40 ಡಿಗ್ರಿ ಬೇಕೆಂದರೆ 60 ಡಿಗ್ರಿಯ ನೀರು ಬಕೆಟ್ಟಿಗೆ ಎಂಟೂವರೆ ಲೀಟರ್ ಸಾಕು, ಉಳಿದದ್ದು ತಣ್ಣೀರು. ಇಬ್ಬರಿಗೆ 17 ಲೀಟರ್. ಟ್ಯಾಂಕಿನಲ್ಲಿರುವುದು 15. ಅಂದರೆ ಒಂದು ಸಲ ಕಾಯಿಸಿದರೆ ಹೆಚ್ಚುಕಡಿಮೆ ಇಬ್ಬರದೂ ಮುಗಿಯುತ್ತದೆ.

ಆದರೂ ಬೆಳಿಗ್ಗೆ ಒಂದೇ ಹೊತ್ತಿಗೆ 1.2 ಯೂನಿಟ್ ಓಡುತ್ತಿತ್ತು. ಕಾರಣ: ಬಿಸಿನೀರು ಹೊರಗೆ ಬಂದಷ್ಟೂ ತಣ್ಣೀರು ಒಳಗೆ ಹೋಗುತ್ತದೆ. ಸ್ವಿಚ್ ಹಾಕಿಯೇ ಇದ್ದರೆ, ಎರಡನೆಯವರು ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುವ ಹೊತ್ತಿಗೆ ಗೀಸರ್ ಯಾರಿಗೂ ಬೇಡದ ಇನ್ನೊಂದು ಟ್ಯಾಂಕ್ ನೀರು ಕಾಯಿಸುತ್ತಿರುತ್ತದೆ. ಈಗ 20 ನಿಮಿಷ ಕಾಯಿಸಿ, ಎರಡನೆಯವರು ಬಚ್ಚಲಿಗೆ ಹೋಗುವ ಮೊದಲೇ ಆರಿಸುವುದು. 0.8 ಯೂನಿಟ್‌ಗೆ ಇಳಿಯಿತು. ಒಂದು ಪೈಸೆ ಖರ್ಚಿಲ್ಲ.

17ನೇ ದಿನ: ಫ್ಯಾನ್

ಎರಡೂ ಫ್ಯಾನಿಗೆ ಇದ್ದದ್ದು ಹಳೆ ಡಬ್ಬಿ ರೆಗ್ಯುಲೇಟರ್. ಮುಟ್ಟಿದರೆ ಬೆಚ್ಚಗಿತ್ತು, ಆ ಬಿಸಿಯೂ ಬಿಲ್ಲಿನದೇ. ಮೂರನೇ ನಂಬರಿನಲ್ಲಿ ಒಂದು ಫ್ಯಾನಿಗೆ 58 ವ್ಯಾಟ್. ಸ್ಟೆಪ್ ಇರುವ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಿದ ಮೇಲೆ ಸುಮಾರು ಅದೇ ಗಾಳಿಗೆ 42. ಎರಡೂ ಸೇರಿ ದಿನಕ್ಕೆ 14 ಗಂಟೆ ಓಡುತ್ತವೆ, 0.22 ಯೂನಿಟ್ ಉಳಿತಾಯ, ಎರಡರ ಬೆಲೆ 460 ರೂಪಾಯಿ. ಬಿಎಲ್‌ಡಿಸಿ (ಕಡಿಮೆ ಕರೆಂಟು ಎಳೆಯುವ ಮೋಟರಿನ) ಫ್ಯಾನ್ ಈಗಲೇ ಕೊಳ್ಳುವುದು ಬೇಡ ಎಂದು ತೀರ್ಮಾನ. ಪೂರ್ತಿ ವೇಗದಲ್ಲೂ ಅದು 30 ವ್ಯಾಟಿನ ಆಸುಪಾಸು ಎಳೆಯುವುದು ನಿಜ, ಆದರೆ ಓಡುತ್ತಿರುವ ಫ್ಯಾನ್ ಕಿತ್ತು ಹಾಕಿದರೆ ದುಡ್ಡು ಹಿಂದಕ್ಕೆ ಬರಲು ವರ್ಷಗಟ್ಟಲೆ ಬೇಕು. ಹಳೆಯದು ಕೆಟ್ಟಾಗ ಅದನ್ನೇ ತರುವುದು. ಆಗ ಡಬ್ಬದ ಮೇಲಿನ ಸ್ಟಾರ್ ಮಾತ್ರವಲ್ಲ, ವ್ಯಾಟ್ ಜೊತೆಗೆ ಅದು ನಿಮಿಷಕ್ಕೆ ಎಷ್ಟು ಗಾಳಿ ಕೊಡುತ್ತದೆ ಎಂಬ ಅಂಕಿಯನ್ನೂ ನೋಡಬೇಕು.

36ನೇ ದಿನ: ಬಿಲ್ಲು

30 ದಿನಕ್ಕೆ 118 ಯೂನಿಟ್, ಪಾವತಿಸಬೇಕಾದ ಮೊತ್ತ ಸೊನ್ನೆ. ದಿನಕ್ಕೆ 3.93. ಮೇಲಿನ ಉಳಿತಾಯಗಳನ್ನೆಲ್ಲ ಕೂಡಿಸಿದರೆ ಒಂದೂವರೆ ಯೂನಿಟ್ ಇಳಿಯಬೇಕಿತ್ತು, ಇಳಿದದ್ದು ಒಂದೂಕಾಲು. ಸೆಕೆ ಹೆಚ್ಚಾಗಿ ಫ್ಯಾನ್ ಹೆಚ್ಚು ಹೊತ್ತು ಓಡಿದ್ದು ಒಂದು ಕಾರಣ. ಸೆಟ್‌ಟಾಪ್ ಬಾಕ್ಸ್ ಆರಿಸಲು ಮರೆತ ರಾತ್ರಿಗಳೂ ಇವೆ. ರೀಡಿಂಗ್ ದಿನ ತೆಗೆದ ಮೀಟರಿನ ಫೋಟೋಗೂ ಬಿಲ್ಲಿನ ಅಂಕಿಗೂ ತಾಳೆಯಾಗಿದೆ.

ಫ್ರಿಜ್ಜಿನ ಕೆಳಮೂಲೆಯ ರಬ್ಬರ್ ಮತ್ತೆ ಸಡಿಲವಾಗಿದೆ, ಚೀಟಿ ಜಾರುತ್ತಿದೆ, ಕಂಪ್ರೆಸರ್ 40ರಲ್ಲಿ 17 ನಿಮಿಷಕ್ಕೆ ಬಂದಿದೆ. ಬಾಗಿಲಿನ ಒಳಗೆ ಅಂಟಿಸಿರುವ ಮಾಡೆಲ್ ನಂಬರ್ ಬರೆದುಕೊಂಡು ಹೊಸ ಗ್ಯಾಸ್ಕೆಟ್ಟಿಗೆ ಹೇಳಲಾಗಿದೆ. ಅಳತೆ ಮಾತ್ರ ಕೊಟ್ಟರೆ ಬೇರೆ ಆಕಾರದ ರಬ್ಬರ್ ಬಂದು, ಕೂರದೆ ವಾಪಸ್ ಕೊಡಬೇಕಾಗುತ್ತದೆ.